ಯೆರಿಕೋ: ಉತ್ಖನನಗಳ ಇತಿಹಾಸ

ಬೈಬಲ್ಲಿನಲ್ಲಿ ಬರುವ ಪ್ರಾಚೀನ ಯೆರಿಕೋ ಪಟ್ಟಣದ ಅವಶೇಷಗಳು ಪ್ಯಾಲೆಸ್ಟೀನಿನ ಪಶ್ಚಿಮ ದಂಡೆಯಲ್ಲಿ, ಸಮುದ್ರಮಟ್ಟಕ್ಕಿಂತ ಸುಮಾರು 250 ಮೀಟರ್ ತಗ್ಗಿನಲ್ಲಿರುವ ತೆಲ್ ಎಸ್-ಸುಲ್ತಾನ್ ಎಂಬ ದಿಬ್ಬದೊಳಗಿವೆ. ಪಕ್ಕದ ಚಿಲುಮೆಯ ನೀರನ್ನು ನೆಚ್ಚಿದ ಜನ ಸಾವಿರಾರು ವರ್ಷ ಹಸಿ ಇಟ್ಟಿಗೆಯ ಮನೆಗಳನ್ನು ಕಟ್ಟುತ್ತ, ಕುಸಿದವುಗಳ ಮೇಲೆಯೇ ಮತ್ತೆ ಕಟ್ಟುತ್ತ ಬಂದುದರಿಂದ ಈ ದಿಬ್ಬ ಬೆಳೆಯಿತು.

1868ರಲ್ಲಿ ಚಾರ್ಲ್ಸ್ ವಾರೆನ್ ಇಲ್ಲಿ ಕೆಲವು ಗುಂಡಿಗಳನ್ನು ತೋಡಿಸಿದರೂ ಹೆಚ್ಚೇನೂ ದೊರೆಯಲಿಲ್ಲ. 1907ರಿಂದ 1911ರವರೆಗೆ ಅರ್ನ್‌ಸ್ಟ್ ಸೆಲ್ಲಿನ್ ಮತ್ತು ಕಾರ್ಲ್ ವಾಟ್ಸಿಂಗರ್ ಕೋಟೆಗೋಡೆಗಳ ಬಹುಭಾಗವನ್ನು ಬಯಲಿಗೆ ತಂದರು. 1930–36ರಲ್ಲಿ ಅಗೆದ ಜಾನ್ ಗಾರ್‌ಸ್ಟಾಂಗ್, ಕುಸಿದು ಬಿದ್ದ ಜೋಡಿ ಗೋಡೆಯೊಂದು ಕ್ರಿ.ಪೂ. ಸುಮಾರು 1400ರದೆಂದೂ ಇಸ್ರಾಯೇಲ್ಯರ ನಾಯಕ ಯೆಹೋಶುವನ ಮುತ್ತಿಗೆಯಲ್ಲಿ ಪಟ್ಟಣದ ಗೋಡೆ ಕುಸಿಯಿತೆಂಬ ಬೈಬಲ್ಲಿನ ಕಥನಕ್ಕೆ ಅದೇ ಸಾಕ್ಷಿಯೆಂದೂ ವಾದಿಸಿದರು.

ಈ ತೀರ್ಮಾನವನ್ನು ಬದಲಿಸಿದುದು 1952–58ರ ಕ್ಯಾಥ್ಲೀನ್ ಕೆನ್ಯನ್ ಅವರ ಉತ್ಖನನ. ಗೋಡೆಯ ಗುಂಟ ಅಗೆಯುತ್ತ ಹೋದರೆ ಗೋಡೆಗೂ ಅದಕ್ಕೆ ತಾಗಿದ ನೆಲಕ್ಕೂ ಇರುವ ಸಂಬಂಧವೇ ಕಡಿದುಹೋಗುತ್ತದೆ. ಆದುದರಿಂದ ಅವರು ದಿಬ್ಬವನ್ನು ಅಡ್ಡಲಾಗಿ ಸೀಳುವ ಆಳವಾದ ಕಂದಕಗಳನ್ನು ತೋಡಿ, ಕಂದಕದ ಬದಿಯಲ್ಲಿ ಕಾಣುವ ಮಣ್ಣಿನ ಪದರಗಳನ್ನು ಒಂದೊಂದಾಗಿ ಗುರುತಿಸಿ, ಆಯಾ ಪದರದ ಮಡಕೆ ಚೂರುಗಳಿಂದ ಕಾಲವನ್ನು ನಿರ್ಣಯಿಸಿದರು. ಸ್ತರಕ್ರಮವನ್ನು ಆಧರಿಸಿದ ಈ ವಿಧಾನವನ್ನು ಅವರು ಕಲಿತದ್ದು ಮಾರ್ಟಿಮರ್ ವೀಲರ್ ಅವರಿಂದ. ಇದೇ ವೀಲರ್ 1947ರಲ್ಲಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಉತ್ಖನನ ನಡೆಸಿದವರಾದುದರಿಂದ ಕನ್ನಡ ನಾಡಿನ ಪುರಾತತ್ತ್ವಕ್ಕೂ ಈ ವಿಧಾನ ಹೊಸದಲ್ಲ. ಗಾರ್‌ಸ್ಟಾಂಗ್ ತೋರಿಸಿದ ಗೋಡೆ ಅವರು ಎಣಿಸಿದ್ದಕ್ಕಿಂತ ಸುಮಾರು ಸಾವಿರ ವರ್ಷ ಹಳೆಯದೆಂದೂ, ಬೆಂಕಿಗೆ ಆಹುತಿಯಾದ ಕಂಚಿನ ಯುಗದ ಪಟ್ಟಣ ಕ್ರಿ.ಪೂ. ಸುಮಾರು 1550ರಲ್ಲಿಯೇ ಅಳಿಯಿತೆಂದೂ ಕೆನ್ಯನ್ ತೋರಿಸಿಕೊಟ್ಟರು. ಮೇಲಿನ ಸ್ತರಗಳು ಮಳೆಗಾಳಿಗೆ ಸವೆದುಹೋಗಿರಬಹುದೆಂಬುದು ನಿಜವಾದರೂ, ಯೆಹೋಶುವನ ಕಾಲವೆಂದು ಸಾಮಾನ್ಯವಾಗಿ ಎಣಿಸುವ ಕ್ರಿ.ಪೂ. 13ನೆಯ ಶತಮಾನದಲ್ಲಿ ಇಲ್ಲಿ ಕೋಟೆಯುಳ್ಳ ಪಟ್ಟಣವಿತ್ತೆನ್ನಲು ಆಧಾರ ಸಿಕ್ಕಿಲ್ಲ. ಬೆಂಕಿಗೆ ಆಹುತಿಯಾದ ಆ ಪಟ್ಟಣದ ಸುಟ್ಟ ಧಾನ್ಯದ ಮೇಲೆ ನಡೆಸಿ 1995ರಲ್ಲಿ ಪ್ರಕಟಿಸಿದ ರೇಡಿಯೋ ಕಾರ್ಬನ್ ಪರೀಕ್ಷೆಯೂ ಒಟ್ಟಿನಲ್ಲಿ ಕೆನ್ಯನ್ ಅವರ ಪಕ್ಷವನ್ನೇ ಬಲಪಡಿಸುತ್ತದೆ.

ಗೋಡೆಯ ಚರ್ಚೆಗಿಂತ ಮಹತ್ತ್ವದವು ಕೆಳಗಿನ ಸ್ತರಗಳ ಶೋಧಗಳು. ಮಡಕೆ ಮಾಡುವುದನ್ನೇ ಅರಿಯದಿದ್ದ ಜನ ಕ್ರಿ.ಪೂ. ಸುಮಾರು 8000ದಲ್ಲಿ ಕಟ್ಟಿದ, ಒಳಗೆ 22 ಮೆಟ್ಟಿಲುಗಳುಳ್ಳ, ಸುಮಾರು 8.5 ಮೀಟರ್ ಎತ್ತರದ ಕಲ್ಲಿನ ಬುರುಜು ಅಲ್ಲಿ ದೊರೆಯಿತು. ಅದು ಕಾವಲಿಗೋ ಆಚರಣೆಗೋ ಎಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಗಾರೆ ಮೆತ್ತಿ ಮುಖ ರೂಪಿಸಿ, ಕಣ್ಣಿನ ಜಾಗದಲ್ಲಿ ಚಿಪ್ಪುಗಳನ್ನು ಕೂರಿಸಿದ ತಲೆಬುರುಡೆಗಳು 1953ರಲ್ಲಿ ಸಿಕ್ಕವು.

1997ರಿಂದ ರೋಮ್‌ನ ಸಪಿಯೆಂಜಾ ವಿಶ್ವವಿದ್ಯಾಲಯವೂ ಪ್ಯಾಲೆಸ್ಟೀನಿನ ಪುರಾತತ್ತ್ವ ಇಲಾಖೆಯೂ ಜಂಟಿಯಾಗಿ ಉತ್ಖನನ ಮತ್ತು ಸಂರಕ್ಷಣೆಯಲ್ಲಿ ತೊಡಗಿವೆ. 2023ರ ಸೆಪ್ಟೆಂಬರಿನಲ್ಲಿ ಯುನೆಸ್ಕೋ ಈ ದಿಬ್ಬವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.