ಅಶೋಕನ ಶಾಸನಗಳಲ್ಲಿ ಅಧಿಕಾರಸ್ಥರ ಆತ್ಮಪರಿಶೀಲನೆ: ಒಂದು ಟಿಪ್ಪಣಿ

ಅಶೋಕನ ಆತ್ಮಾವಲೋಕನದ ಮಾತು ಬಂದಾಗಲೆಲ್ಲ ಕಳಿಂಗ ಯುದ್ಧದ ಪಶ್ಚಾತ್ತಾಪವೊಂದೇ ಉದಾಹರಣೆಯಾಗುತ್ತದೆ. ಆದರೆ ತನ್ನನ್ನು ತಾನು ನೋಡಿಕೊಳ್ಳುವ ವಿಷಯ ಅವನ ಶಾಸನಗಳಲ್ಲಿ ಕನಿಷ್ಠ ನಾಲ್ಕು ಕಡೆ, ನಾಲ್ಕು ಬೇರೆ ಬೇರೆ ರೀತಿಯಲ್ಲಿ ಬರುತ್ತದೆ. ಅವುಗಳಲ್ಲಿ ಎರಡಕ್ಕೆ ಕರ್ನಾಟಕದ ನೆಲದಲ್ಲೇ ಆಧಾರವಿದೆ. ಈ ನಾಲ್ಕನ್ನೂ ಒಟ್ಟಿಗೆ ಓದಿದರೆ, ಅರಸನ ಅಂತರಂಗದ ವಿಷಯವಾಗಿದ್ದದ್ದು ಕ್ರಮೇಣ ಆಡಳಿತದ ಕರ್ತವ್ಯವಾದದ್ದು ಕಾಣುತ್ತದೆ ಎಂಬುದು ಈ ಟಿಪ್ಪಣಿಯ ವಾದ.

ಮೊದಲನೆಯದು ಲಘು ಶಿಲಾಶಾಸನ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಇದನ್ನು 1892ರಲ್ಲಿ ಬಿ.ಎಲ್. ರೈಸ್ ಗುರುತಿಸಿದರು. ಮಸ್ಕಿಯ ಪಾಠ 1915ರಲ್ಲಿ ದೊರೆಯಿತು. ಶಾಸನದಲ್ಲಿ ಅರಸ ಹೇಳುವುದಿಷ್ಟು: ತಾನು ಉಪಾಸಕನಾಗಿ ಎರಡೂವರೆ ವರ್ಷ ಮೀರಿದೆ, ಮೊದಲ ಒಂದು ವರ್ಷ ಹೆಚ್ಚು ಶ್ರಮಿಸಲಿಲ್ಲ, ಸಂಘದ ಹತ್ತಿರವಾದ ಮೇಲೆ ಒಂದು ವರ್ಷಕ್ಕೂ ಹೆಚ್ಚು ಕಾಲದಿಂದ ಚೆನ್ನಾಗಿ ಶ್ರಮಿಸಿದ್ದೇನೆ. ಇದು ದೊಡ್ಡವರಿಗಷ್ಟೇ ಸಾಧ್ಯವಾದದ್ದಲ್ಲ, ಸಾಮಾನ್ಯನೂ ಶ್ರಮಿಸಿದರೆ ಪಡೆಯಬಲ್ಲ ಎಂಬ ಮಾತೂ ಜೊತೆಗಿದೆ.

ಇಲ್ಲಿ ಎರಡು ಅಂಶಗಳನ್ನು ಗಮನಿಸಬೇಕು. ಅಶೋಕನ ಶಾಸನಗಳಲ್ಲಿ ಅತ್ಯಂತ ಹಿಂದಿನವೆಂದು ಎಣಿಸುವ ಈ ಗುಂಪಿನಲ್ಲಿ ಕಳಿಂಗದ ಹೆಸರೇ ಇಲ್ಲ. ಅರಸ ಮೊದಲು ಒಪ್ಪಿಕೊಂಡದ್ದು ಯುದ್ಧದ ಪಾಪವನ್ನಲ್ಲ, ಸಾಧನೆಯಲ್ಲಿನ ತನ್ನ ಸಡಿಲತನವನ್ನು. ಎರಡನೆಯದಾಗಿ, ಈ ಮಾತು ಬಂದಿರುವುದು ಸರ್ಕಾರಿ ಪತ್ರದೊಳಗೆ. ಬ್ರಹ್ಮಗಿರಿಯ ಪಾಠ ಸುವರ್ಣಗಿರಿಯಿಂದ ಆರ್ಯಪುತ್ರನೂ (ರಾಜಕುಮಾರ) ಮಹಾಮಾತ್ರರೂ (ಉನ್ನತ ಅಧಿಕಾರಿಗಳು) ಇಸಿಲದ ಮಹಾಮಾತ್ರರ ಕ್ಷೇಮ ವಿಚಾರಿಸುವುದರೊಂದಿಗೆ ಆರಂಭವಾಗುತ್ತದೆ. ಮೇಲಿನವನ ಕೊರತೆ ಕೆಳಗಿನವರಿಗೆ ಅಧಿಕೃತವಾಗಿಯೇ ತಲುಪಿತು.

ಎರಡನೆಯದು ಎಲ್ಲರೂ ಬಲ್ಲ 13ನೇ ಪ್ರಧಾನ ಶಿಲಾಶಾಸನ. ಪಟ್ಟಾಭಿಷೇಕವಾಗಿ 8 ವರ್ಷಗಳಾದಾಗ ಕಳಿಂಗವನ್ನು ಗೆದ್ದದ್ದು, 1,50,000 ಜನರನ್ನು ಸಾಗಿಸಿದ್ದು, 1,00,000 ಜನ ಕೊಲೆಯಾದದ್ದು, ಅದರ ಹಲವು ಪಟ್ಟು ಜನ ಸತ್ತದ್ದು ಇದರಲ್ಲಿ ದಾಖಲಾಗಿವೆ. ಗೆದ್ದವನೇ ಗೆಲುವಿನ ನಷ್ಟವನ್ನು ಅಂಕಿಗಳಲ್ಲಿ ಕೊರೆಸಿದ್ದು ಅಪರೂಪ. ಆದರೆ ಅದೇ ಶಾಸನ ಕಾಡಿನ ಜನರಿಗೆ ಎಚ್ಚರಿಕೆಯನ್ನೂ ಕೊಡುತ್ತದೆ: ಅರಸನಿಗೆ ಪಶ್ಚಾತ್ತಾಪವಿದ್ದರೂ ಶಕ್ತಿಯಿದೆ, ತಿದ್ದಿಕೊಳ್ಳದಿದ್ದರೆ ಸಾವು ಕಾದಿದೆ. ಮತ್ತೊಂದು ಸಂಗತಿ, ಈ ಶಾಸನ ಕಳಿಂಗದಲ್ಲೇ ಇಲ್ಲ. ಒಡಿಶಾದ ಧೌಲಿ ಮತ್ತು ಜೌಗಡದಲ್ಲಿ 11ರಿಂದ 13ರವರೆಗಿನ ಶಾಸನಗಳನ್ನು ಬಿಡಲಾಗಿದೆ. ಕಲಬುರಗಿ ಜಿಲ್ಲೆಯ ಸನ್ನತಿಯ ಕಲ್ಲಿನಲ್ಲೂ 12 ಮತ್ತು 14 ಇವೆ, ನಡುವಿನ 13 ಇಲ್ಲ. ಸೋತವರ ಗಾಯ ಕೆದಕಬಾರದೆಂದು ಬಿಟ್ಟಿರಬೇಕು ಎಂಬ ವಿದ್ವಾಂಸರ ಊಹೆ ಒಪ್ಪುವಂಥದ್ದೇ. ಹಾಗಿದ್ದರೂ ನೋವುಂಡವರ ಎದುರಿಗೆ ನಿಂತು ಹೇಳದ ಪಶ್ಚಾತ್ತಾಪವಿದು ಎಂಬ ಮಿತಿ ಉಳಿಯುತ್ತದೆ.

ಹೀಗೆ ಬಿಟ್ಟ ಶಾಸನಗಳ ಬದಲು ಧೌಲಿ ಮತ್ತು ಜೌಗಡಗಳಲ್ಲಿ ಎರಡು ಪ್ರತ್ಯೇಕ ಶಾಸನಗಳಿವೆ. ಅವುಗಳ ಭಾಗಗಳು ಸನ್ನತಿಯ ಕಲ್ಲಿನ ಮತ್ತೊಂದು ಬದಿಯಲ್ಲೂ ಉಳಿದಿವೆ. ನಮ್ಮ ವಿಷಯಕ್ಕೆ ಹೆಚ್ಚು ಮುಖ್ಯವಾದವು ಇವೇ. ಮೊದಲ ಪ್ರತ್ಯೇಕ ಶಾಸನ ನಗರದ ನ್ಯಾಯ ನೋಡಿಕೊಳ್ಳುವ ಮಹಾಮಾತ್ರರನ್ನು ನೇರವಾಗಿ ಸಂಬೋಧಿಸುತ್ತದೆ. ಕಾರಣವಿಲ್ಲದೆ ಜನ ಸೆರೆಗೆ, ಹಿಂಸೆಗೆ ಒಳಗಾಗುತ್ತಿದ್ದಾರೆ, ನೀವು ನಿಷ್ಪಕ್ಷಪಾತದ ನಡುದಾರಿಯಲ್ಲಿ ನಡೆಯಬೇಕು ಎಂದು ಹೇಳಿ, ಆ ದಾರಿಗೆ ಅಡ್ಡಬರುವ ಏಳು ದೋಷಗಳನ್ನು ಪಟ್ಟಿ ಮಾಡುತ್ತದೆ: ಅಸೂಯೆ, ಸಿಡುಕು, ನಿಷ್ಠುರತೆ, ಆತುರ, ಅಭ್ಯಾಸದ ಕೊರತೆ, ಸೋಮಾರಿತನ, ದಣಿವು. ಇವು ತಮ್ಮಲ್ಲಿ ಇರಬಾರದೆಂದು ಅಧಿಕಾರಿ ಬಯಸಬೇಕು, ಸಿಡುಕದಿರುವುದು ಮತ್ತು ಆತುರಪಡದಿರುವುದೇ ಇದಕ್ಕೆಲ್ಲ ಮೂಲ ಎನ್ನುತ್ತದೆ.

ಈ ಪಟ್ಟಿಯನ್ನು 3ನೇ ಸ್ತಂಭಶಾಸನದ ಪಟ್ಟಿಯೊಂದಿಗೆ ಹೋಲಿಸಿ ನೋಡಬೇಕು. ಪಟ್ಟಾಭಿಷೇಕದ 26 ವರ್ಷಗಳ ನಂತರದ ಸ್ತಂಭಶಾಸನಗಳ ಸಾಲಿಗೆ ಸೇರಿದ ಅದು, ಮನುಷ್ಯ ತಾನು ಮಾಡಿದ ಒಳಿತನ್ನಷ್ಟೇ ಕಾಣುತ್ತಾನೆ, ಕೆಡುಕನ್ನು ಕಾಣುವುದಿಲ್ಲ, ಇದನ್ನು ಪರೀಕ್ಷಿಸಿಕೊಳ್ಳುವುದು ಬಲು ಕಷ್ಟ ಎನ್ನುತ್ತದೆ. ಅಲ್ಲಿ ಹೆಸರಿಸಿದ ದೋಷಗಳು ಐದು: ಉಗ್ರತೆ, ನಿಷ್ಠುರತೆ, ಕೋಪ, ಅಹಂಕಾರ, ಅಸೂಯೆ. ಎರಡೂ ಪಟ್ಟಿಗಳಲ್ಲಿ ಮೂರು ಸಮಾನವಾಗಿವೆ. ಎಲ್ಲರಿಗೂ ಅನ್ವಯಿಸುವ ಪಟ್ಟಿಯಲ್ಲಿ ಅಹಂಕಾರ, ಉಗ್ರತೆಗಳಿದ್ದರೆ, ಅಧಿಕಾರಿಗಳ ಪಟ್ಟಿಯಲ್ಲಿ ಆತುರ, ಅಭ್ಯಾಸದ ಕೊರತೆ, ಸೋಮಾರಿತನ, ದಣಿವು ಇವೆ. ದಣಿವನ್ನು ದೋಷಗಳ ಸಾಲಿಗೆ ಸೇರಿಸಿರುವುದು ವಿಶೇಷ. ಅನ್ಯಾಯ ದುಷ್ಟತನದಿಂದಲೇ ಆಗಬೇಕಿಲ್ಲ, ಬೇಸತ್ತ ಅಧಿಕಾರಿಯ ಕೈಯಿಂದಲೂ ಆಗುತ್ತದೆ ಎಂಬ ಆಡಳಿತದ ಅನುಭವ ಇದರ ಹಿಂದಿರಬೇಕು.

ಪಟ್ಟಿ ಕೊಟ್ಟು ಸುಮ್ಮನಾಗಿಲ್ಲ ಎಂಬುದು ನನ್ನ ವಾದಕ್ಕೆ ಮುಖ್ಯ ಆಧಾರ. ಮೊದಲ ಪ್ರತ್ಯೇಕ ಶಾಸನವನ್ನು ತಿಷ್ಯ ನಕ್ಷತ್ರದ ದಿನಗಳಂದು ಓದಿ ಕೇಳಿಸಬೇಕು, ನಡುವಿನ ದಿನಗಳಲ್ಲೂ ಸಂದರ್ಭ ಬಂದರೆ ಒಬ್ಬನಿಗಾದರೂ ಓದಿ ಹೇಳಬೇಕು ಎಂಬ ಆದೇಶವಿದೆ. ಐದು ವರ್ಷಕ್ಕೊಮ್ಮೆ ನಿಷ್ಠುರನಲ್ಲದ, ಉಗ್ರನಲ್ಲದ, ಮೃದುವಾಗಿ ನಡೆದುಕೊಳ್ಳುವ ಮಹಾಮಾತ್ರನೊಬ್ಬ ಪ್ರವಾಸ ಹೊರಟು ಆದೇಶ ಪಾಲನೆಯಾಗುತ್ತಿದೆಯೇ ಎಂದು ನೋಡಬೇಕು. ಉಜ್ಜಯಿನಿಯ ರಾಜಕುಮಾರ ಮೂರು ವರ್ಷ ಮೀರದಂತೆ ಇಂಥವರನ್ನು ಕಳಿಸಬೇಕು, ತಕ್ಷಶಿಲೆಗೂ ಇದೇ ಕ್ರಮ. ದೋಷಗಳನ್ನು ಕಾಣುವ ಹೊಣೆ ಅಧಿಕಾರಿಯದು, ಆದರೆ ಅವನ ಕಣ್ಣನ್ನೇ ನಂಬಿ ಕೂರುವುದಿಲ್ಲ ಎಂಬ ಏರ್ಪಾಡಿದು.

ಈ ಹೊಣೆಯಿಂದ ಅರಸನೂ ಹೊರಗಿಲ್ಲ. 6ನೇ ಪ್ರಧಾನ ಶಿಲಾಶಾಸನದಂತೆ, ಊಟದಲ್ಲಿರಲಿ, ಅಂತಃಪುರದಲ್ಲಿರಲಿ, ಉದ್ಯಾನದಲ್ಲಿರಲಿ, ಪ್ರಜೆಗಳ ಸಂಗತಿಯನ್ನು ವರದಿಗಾರರು ಅವನಿಗೆ ತಿಳಿಸಬೇಕು. ತನ್ನ ಶ್ರಮದಲ್ಲಿ ತನಗೆ ತೃಪ್ತಿಯಿಲ್ಲ, ಜೀವಿಗಳ ಋಣ ತೀರಿಸುವುದಕ್ಕಾಗಿ ದುಡಿಯುತ್ತೇನೆ ಎನ್ನುತ್ತಾನೆ. ಪ್ರತ್ಯೇಕ ಶಾಸನದಲ್ಲಿ ಮಹಾಮಾತ್ರರು ತೀರಿಸಬೇಕಾದದ್ದು ಅರಸನ ಋಣ. ಅರಸ ಪ್ರಜೆಗೆ, ಅಧಿಕಾರಿ ಅರಸನಿಗೆ ಋಣಿ ಎಂಬ ಸರಪಳಿ ಹೀಗೆ ಪೂರ್ಣವಾಗುತ್ತದೆ.

ಇವೆಲ್ಲ ಆದೇಶಗಳು, ಆಚರಣೆಯ ವರದಿಗಳಲ್ಲ. ಮಾತನಾಡುತ್ತಿರುವವನು ಅರಸನೊಬ್ಬನೇ, ಮಹಾಮಾತ್ರರ ಉತ್ತರ ಯಾವ ಕಲ್ಲಿನಲ್ಲೂ ಇಲ್ಲ. ಆದ್ದರಿಂದ ಅಧಿಕಾರಿಗಳು ನಿಜಕ್ಕೂ ಬದಲಾದರು ಎಂದು ಈ ಶಾಸನಗಳ ಬಲದ ಮೇಲೆ ಹೇಳಬಾರದು. ಹೇಳಬಹುದಾದದ್ದು ಇಷ್ಟು: ಆಳುವವನು ಮೊದಲು ತನ್ನ ಕೊರತೆಯನ್ನು ಒಪ್ಪಿ, ದೋಷಗಳಿಗೆ ಹೆಸರು ಕೊಟ್ಟು, ಆಮೇಲೆ ಹೊರಗಿನವರ ತಪಾಸಣೆಗೆ ಅವಕಾಶವಿಟ್ಟರೇ ಆತ್ಮಪರಿಶೀಲನೆ ಆಡಳಿತಕ್ಕೆ ಒದಗುತ್ತದೆ ಎಂಬ ತಿಳಿವಳಿಕೆ ಕ್ರಿ.ಪೂ. 3ನೇ ಶತಮಾನದಲ್ಲೇ ಇತ್ತು. ಅಶೋಕನನ್ನು ನಾಯಕತ್ವದ ಮಾದರಿಯಾಗಿ ಮುಂದಿಡುವವರು ಕಳಿಂಗದ ಕಣ್ಣೀರಿಗಿಂತ ಈ ಪ್ರತ್ಯೇಕ ಶಾಸನಗಳನ್ನು ಹೆಚ್ಚು ಓದಬೇಕು.