ಮೌನವು ಸಮ್ಮತಿಯೆ?

‘ಮೌನಂ ಸಮ್ಮತಿಲಕ್ಷಣಂ’ ಎಂಬುದು ನಮ್ಮಲ್ಲಿ ಬಹುಕಾಲದಿಂದ ನಡೆದುಬಂದ ಲೋಕೋಕ್ತಿ. ಆದರೆ ಪ್ರಶ್ನೆಯು ಕಿವಿಗೆ ಬಿದ್ದು, ಬೇಡವೆನ್ನಲು ಅವಕಾಶವೂ ಇದ್ದು, ಆ ಮೇಲೆ ಸುಮ್ಮನಿದ್ದವನ ಮೌನಕ್ಕೆ ಮಾತ್ರವೇ ಈ ಮಾತು ಸಲ್ಲತಕ್ಕದ್ದು. ಪ್ರಶ್ನೆಯನ್ನೇ ಕೇಳದವನ ಮೌನವನ್ನು ಒಪ್ಪಿಗೆಯೆಂದು ಎಣಿಸುವುದು ನ್ಯಾಯವಲ್ಲ. ನಮ್ಮ ಮನೆಗಳನ್ನು ಹೊಕ್ಕಿರುವ ಗಣಕಯಂತ್ರದ ಕಳೆದ ಮೂವತ್ತು ವರ್ಷಗಳ ಚರಿತ್ರೆಯನ್ನು ಪರಿಶೀಲಿಸಿದರೆ, ಅದರಲ್ಲಿ ಬಹುಭಾಗವು ಇಂತಹ ಮೌನದ ಚರಿತ್ರೆಯೇ ಆಗಿರುವುದು ವಾಚಕರಿಗೆ ಗೋಚರವಾಗದಿರದು.

1994ನೆಯ ಇಸವಿಯಲ್ಲಿ ಅಮೆರಿಕದ ನೆಟ್‌ಸ್ಕೇಪ್ ಸಂಸ್ಥೆಯ ಲೂ ಮಾಂಟುಲಿ ಎಂಬ ತರುಣನು ‘ಕುಕೀ’ ಎಂಬ ಉಪಾಯವನ್ನು ಕಲ್ಪಿಸಿದನು. ಜಾಲತಾಣವೊಂದು ತನ್ನಲ್ಲಿಗೆ ಬಂದವನ ಯಂತ್ರದಲ್ಲಿಯೇ ಒಂದು ಗುರುತುಚೀಟಿಯನ್ನಿರಿಸಿ, ಆತನು ಮರಳಿ ಬಂದಾಗ ಅದರಿಂದ ಆತನನ್ನು ಗುರುತಿಸುವುದೇ ಇದರ ತತ್ತ್ವ. ಅಂಗಡಿಯವನು ಗಿರಾಕಿಯ ನೆನಪಿಟ್ಟುಕೊಂಡಂತೆ ಇದು ಮೊದಲಿಗೆ ನಿರಪಾಯವಾಗಿದ್ದಿತು. ಜಾಹೀರಾತಿನ ಒಂದೇ ಸಂಸ್ಥೆಯು ನೂರಾರು ತಾಣಗಳ ಮೂಲಕ ತನ್ನ ಚೀಟಿಯನ್ನಿರಿಸತೊಡಗಲು, ಓದುಗನು ಎಲ್ಲಿಂದೆಲ್ಲಿಗೆ ಹೋದನೆಂಬ ಜಾಡೆಲ್ಲವೂ ಮೂರನೆಯವರ ವಶವಾಯಿತು. ಅಂತರ್ಜಾಲದ ನಿಯಮಗಳನ್ನು ರಚಿಸುವ ತಜ್ಞಮಂಡಲಿಯು 1997ರ ಫೆಬ್ರವರಿಯಲ್ಲಿ, ಬಳಸುವವನು ತಾನಾಗಿ ಒಪ್ಪದ ಹೊರತು ಮೂರನೆಯವರ ಚೀಟಿಗಳನ್ನು ಸ್ವೀಕರಿಸಕೂಡದೆಂದು ವಿಧಿಸಿತು. ಅಂದಿನ ಎರಡು ಪ್ರಮುಖ ಬ್ರೌಸರುಗಳೂ ಅದನ್ನು ಪಾಲಿಸಲಿಲ್ಲ.

1999ನೆಯ ಇಸವಿಯು ಈ ಚರಿತ್ರೆಯಲ್ಲಿ ಗಮನಾರ್ಹವಾದುದು. ಆ ಜನವರಿಯಲ್ಲಿ ಇಂಟೆಲ್ ಸಂಸ್ಥೆಯು, ತನ್ನ ಹೊಸ ಪೆಂಟಿಯಂ 3 ಚಿಪ್ಪುಗಳಲ್ಲಿ ಒಂದೊಂದಕ್ಕೂ ಪ್ರತ್ಯೇಕವಾದ ಕ್ರಮಸಂಖ್ಯೆಯನ್ನಿರಿಸಿ, ಅದನ್ನು ಜಾಲದ ಮೂಲಕ ಓದಬರುವಂತೆ ಮಾಡಿರುವುದಾಗಿ ಪ್ರಕಟಿಸಿತು. ಗೋಪ್ಯತೆಯ ಪರವಾದ ಸಂಘಗಳು ಬಹಿಷ್ಕಾರಕ್ಕೆ ಕರೆಯಿತ್ತವು. ಕೆಲವೇ ದಿನಗಳಲ್ಲಿ ಸಂಸ್ಥೆಯು, ಆ ಸಂಖ್ಯೆಯು ಮೊದಲಿಗೆ ಮುಚ್ಚಿದ ಸ್ಥಿತಿಯಲ್ಲಿರುವುದೆಂದು ಹೇಳಿತು. ಪೆಂಟಿಯಂ 4ರಲ್ಲಿ ಅದನ್ನು ಕೈಬಿಟ್ಟೇ ಬಿಟ್ಟಿತು. ಅದೇ ವರ್ಷದ ಮಾರ್ಚಿ ತಿಂಗಳಿನಲ್ಲಿ ಮತ್ತೊಂದು ಸಂಗತಿಯು ಬಯಲಾಯಿತು. ಯಂತ್ರದ ವಿವರಗಳನ್ನು ಕಳುಹಿಸಬೇಡವೆಂದು ಮನೆಯವನು ಸೂಚಿಸಿದ್ದರೂ, ವಿಂಡೋಸ್ 98ರ ನೋಂದಣಿಯ ಕಾಲದಲ್ಲಿ ಯಂತ್ರದ ಗುರುತಿನ ಸಂಖ್ಯೆಯು ಮೈಕ್ರೋಸಾಫ್ಟ್ ಸಂಸ್ಥೆಗೆ ಹೋಗುತ್ತಿದ್ದಿತೆಂಬುದನ್ನು ರಿಚರ್ಡ್ ಸ್ಮಿತ್ ಎಂಬ ತಂತ್ರಜ್ಞನು ಹೊರಗೆಡಹಿದನು. ಸಂಸ್ಥೆಯು ತಿದ್ದಿಕೊಳ್ಳುವುದಾಗಿ ಒಪ್ಪಿಕೊಂಡಿತು. ಇಲ್ಲಿ ‘ಬೇಡ’ವೆಂದು ಬಾಯಿಬಿಟ್ಟು ಹೇಳಿದ ಮಾತಿಗೂ ಬೆಲೆಯಿಲ್ಲವಾಗಿದ್ದಿತು.

2015ರ ಜುಲೈ 29ರಂದು ವಿಂಡೋಸ್ 10 ಹೊರಬಂದಾಗ ಈ ವಿವಾದವು ಮನೆಮನೆಯದಾಯಿತು. ಅದನ್ನು ಸ್ಥಾಪಿಸುವಾಗ ‘ಎಕ್ಸ್‌ಪ್ರೆಸ್ ಸೆಟ್ಟಿಂಗ್ಸ್’ ಎಂಬ ಗುಂಡಿಯನ್ನೊತ್ತಿದರೆ ಇರುವ ಸ್ಥಳ, ಜಾಹೀರಾತಿನ ಗುರುತು ಮೊದಲಾದ ಹಂಚಿಕೆಗಳೆಲ್ಲವೂ ಒಮ್ಮೆಗೇ ತೆರೆದುಕೊಳ್ಳುತ್ತಿದ್ದವು. ಒಂದೊಂದನ್ನೂ ವಿಚಾರಿಸಿ ಆರಿಸುವ ದಾರಿಯು ಸಣ್ಣ ಅಕ್ಷರಗಳಲ್ಲಿ ಮೂಲೆಯಲ್ಲಿದ್ದಿತು. ಆತುರದಲ್ಲಿರುವ ಗೃಹಸ್ಥನು ಯಾವುದನ್ನು ಒತ್ತುವನೆಂಬುದನ್ನು ವಿವರಿಸಬೇಕಾಗಿಲ್ಲ. 2016ರ ಜುಲೈಯಲ್ಲಿ ಫ್ರಾನ್ಸ್ ದೇಶದ ಗೋಪ್ಯತಾರಕ್ಷಕ ಮಂಡಲಿಯು, ಅಗತ್ಯಕ್ಕಿಂತ ಹೆಚ್ಚಾಗಿ ವಿವರಗಳನ್ನು ಸಂಗ್ರಹಿಸಲಾಗುತ್ತಿದೆಯೆಂದು ಆಕ್ಷೇಪಿಸಿ, 3 ತಿಂಗಳೊಳಗಾಗಿ ಸರಿಪಡಿಸಬೇಕೆಂದು ಮೈಕ್ರೋಸಾಫ್ಟಿಗೆ ನೋಟೀಸು ಕೊಟ್ಟಿತು. 2017ರ ಏಪ್ರಿಲಿನ ಪರಿಷ್ಕರಣದಲ್ಲಿ ಮುಖ್ಯವಾದ ಆಯ್ಕೆಗಳು ಒಂದೊಂದಾಗಿ ಮನೆಯವನ ಕಣ್ಣೆದುರಿಗೆ ಬಂದವು.

ಇಷ್ಟರಲ್ಲಿ ಧರ್ಮಾಸನಗಳೂ ಈ ವಿಷಯವನ್ನು ವಿಚಾರಿಸತೊಡಗಿದ್ದವು. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿಗಳಾಗಿದ್ದ ಕೆ. ಎಸ್. ಪುಟ್ಟಸ್ವಾಮಿಯವರು, ಆಧಾರ್ ವಿಚಾರವಾಗಿ 2012ರಲ್ಲಿ ಹೂಡಿದ ಅರ್ಜಿಯ ಪರಿಣಾಮವಾಗಿ, ಸರ್ವೋಚ್ಚ ನ್ಯಾಯಾಲಯದ 9 ಮಂದಿ ನ್ಯಾಯಾಧೀಶರು 2017ರ ಆಗಸ್ಟ್ 24ರಂದು ಗೋಪ್ಯತೆಯು ಮೂಲಭೂತವಾದ ಹಕ್ಕೆಂದು ಏಕಕಂಠದಿಂದ ಸಾರಿದರು. ಈ ಕೀರ್ತಿಯಲ್ಲಿ ಕನ್ನಡನಾಡಿಗೂ ಪಾಲುಂಟೆಂಬುದು ನಮಗೆ ಹೆಮ್ಮೆಯ ಸಂಗತಿ. 2019ರ ಅಕ್ಟೋಬರ್ 1ರಂದು ಐರೋಪ್ಯ ಒಕ್ಕೂಟದ ನ್ಯಾಯಾಲಯವು, ಮೊದಲೇ ಗುರುತು ಹಾಕಿಟ್ಟ ಚೌಕವನ್ನು ಅಳಿಸದಿರುವುದು ಸಮ್ಮತಿಯಾಗದೆಂದು ತೀರ್ಪಿತ್ತಿತು. ನಮ್ಮ ದೇಶದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಶಾಸನವು ಸಹ, ಸಮ್ಮತಿಯು ಸ್ವತಂತ್ರವೂ ಅಸಂದಿಗ್ಧವೂ ಆಗಿದ್ದು, ಸ್ಪಷ್ಟವಾದ ಕ್ರಿಯೆಯಿಂದ ವ್ಯಕ್ತವಾಗಬೇಕೆಂದು ವಿಧಿಸುತ್ತದೆ. ಕೊಟ್ಟ ಸಮ್ಮತಿಯನ್ನು ಹಿಂತೆಗೆದುಕೊಳ್ಳುವ ಅಧಿಕಾರವನ್ನೂ ಕೊಡುತ್ತದೆ.

ಮೇಲ್ಕಂಡ ವೃತ್ತಾಂತದಿಂದ ಒಂದಂಶವು ಸ್ಪಷ್ಟವಾಗುತ್ತದೆ. ಯಂತ್ರಗಳಲ್ಲಿ ಇಂದು ಕಾಣುವ ತಡೆಗಳಲ್ಲಿ ಹಲವು, ಯಾರೋ ಪರೀಕ್ಷಿಸಿ ನೋಡಿ ಬೇಡವೆಂದುದರ ಫಲಗಳು. ವೈದ್ಯರಿಗೆ ಬರೆದ ಪತ್ರ, ಮಗಳ ಸಂಬಂಧದ ಮಾತುಕತೆ, ಸಾಲದ ಲೆಕ್ಕ, ಇವೆಲ್ಲವೂ ಇಂದು ಇದೇ ಯಂತ್ರದಲ್ಲಿವೆ. ಹಿಂದೆ ಇವುಗಳನ್ನು ಪೆಟ್ಟಿಗೆಯಲ್ಲಿರಿಸಿ ಬೀಗದಕೈಯನ್ನು ಮನೆಯಾಕೆಯ ಸೊಂಟಕ್ಕೆ ಸಿಕ್ಕಿಸುತ್ತಿದ್ದರು. ಈಗ ಆ ಬೀಗದಕೈಯು ‘ಸೆಟ್ಟಿಂಗ್ಸ್’ ಎಂಬಲ್ಲಿ ‘ಪ್ರೈವೆಸಿ’ಯೆಂಬ ಹೆಸರಿನಿಂದಿದೆ. ಸ್ಥಳ, ಕ್ಯಾಮೆರಾ, ಮೈಕ್, ಜಾಹೀರಾತಿನ ಗುರುತು, ಐಚ್ಛಿಕವಾದ ವರದಿಗಳು, ಇವುಗಳಲ್ಲಿ ಯಾವುದು ತೆರೆದಿದೆ, ಅದು ಏತಕ್ಕಾಗಿ ಎಂದು ಮನೆಮಂದಿಯೆಲ್ಲ ಒಮ್ಮೆ ಕುಳಿತು ನೋಡುವುದು ಯುಕ್ತ. ವಿಂಡೋಸಿನ ಗೃಹೋಪಯೋಗಿ ಆವೃತ್ತಿಯಲ್ಲಿ ‘ಅವಶ್ಯ’ವೆನಿಸಿದ ಕೆಲವು ವರದಿಗಳನ್ನು ನಿಲ್ಲಿಸುವ ದಾರಿಯೇ ಇಲ್ಲವೆಂಬುದನ್ನೂ ಅರಿತಿರಬೇಕು. ಉಳಿದವುಗಳ ವಿಷಯದಲ್ಲಿ ನಾವು ಸುಮ್ಮನಿದ್ದರೆ, ಆ ಮೌನಕ್ಕೆ ಅರ್ಥ ಹೇಳುವವರು ಪರರಾಗುತ್ತಾರೆ.