ಕಸುಬು ಕೈಯಲ್ಲಿ, ಸಾಕ್ಷಿ ಕಾಗದದಲ್ಲಿ

ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಶುರುವಾಗಿದ್ದು 1923ರಲ್ಲಿ. ಅದಿರು ಕೆಮ್ಮಣ್ಣುಗುಂಡಿಯದು, ಇದ್ದಿಲು ಮಲೆನಾಡಿನ ಕಾಡಿನದು, ನೀರು ಭದ್ರೆಯದು. ಇಲ್ಲದಿದ್ದುದು ಕಸುಬು ಬಲ್ಲವರು ಮಾತ್ರ. ಹಾಗಾಗಿ ಮೈಸೂರು ಸರ್ಕಾರ ಅಮೆರಿಕದ ಪೆರಿನ್ ಮತ್ತು ಮಾರ್ಷಲ್ ಸಂಸ್ಥೆಯ ಸಲಹೆ ಪಡೆಯಿತು. ಆಗ ಕೌಶಲ ಹೊರದೇಶದಿಂದ ನಮ್ಮೂರಿಗೆ ಬರುತ್ತಿತ್ತು.

ನೂರು ವರ್ಷದಲ್ಲಿ ದಾರಿ ತಿರುಗಿದೆ. ಕಾಗದ ಕಾರ್ಖಾನೆ ಎಂಪಿಎಂ ನಿಂತಿತು. 2023ರ ಜನವರಿಯಲ್ಲಿ ವಿಐಎಸ್‌ಎಲ್ ಮುಚ್ಚುವ ತೀರ್ಮಾನ ಹೊರಬಿದ್ದಾಗ ಕಾರ್ಮಿಕರು ಧರಣಿ ಕೂತರು. ಅಪ್ಪ ಕಾರ್ಖಾನೆಯಲ್ಲಿ ದುಡಿದರೆ ಮಗನಿಗೂ ಅಲ್ಲೇ ಕೆಲಸ ಎಂಬ ನಂಬಿಕೆ ಹೋಯಿತು. ಇಂದು ಫಿಟ್ಟರ್, ವೆಲ್ಡರ್ ಕೆಲಸ ಬಲ್ಲ ಹುಡುಗನ ಮುಂದೆ ಇರುವ ದಾರಿಗಳಲ್ಲಿ ಗಲ್ಫ್ ವೀಸಾವೂ ಒಂದು. ಆ ದಾರಿಯಲ್ಲಿ ಮೊದಲು ಕೇಳುವುದು ಕಸುಬನ್ನಲ್ಲ, ಕಾಗದವನ್ನು. ಈ ಕಾಗದಕ್ಕೂ ಒಂದು ಇತಿಹಾಸವಿದೆ.

ಕಾರ್ಖಾನೆ ಶುರುವಾಗುವ ಮುಂಚಿನ ವರ್ಷ, 1922ರಲ್ಲಿ, ಬ್ರಿಟಿಷ್ ಸರ್ಕಾರ ವಲಸೆ ಕಾಯ್ದೆ ತಂದಿತು. ಕೂಲಿಗಳನ್ನು ಒಪ್ಪಂದದ ಮೇಲೆ ಹಡಗು ಹತ್ತಿಸಿ ತೋಟಗಳಿಗೆ ಸಾಗಿಸಿದ ಕಹಿ ಅನುಭವ ಅದರ ಹಿಂದಿತ್ತು. ಅದರಲ್ಲಿ 'ಕುಶಲ ಕೆಲಸ'ಕ್ಕೆ ಬೇರೆಯೇ ಅಧ್ಯಾಯ. ಕುಶಲಕರ್ಮಿ, ಗುಮಾಸ್ತ ಮಾತ್ರವಲ್ಲ, ಹೋಟೆಲ್ ಮಾಣಿ, ಮನೆಗೆಲಸದವರೂ ಆ ಪಟ್ಟಿಯಲ್ಲಿದ್ದರು. ಅಂಥವರನ್ನು ಕರೆದೊಯ್ಯುವವನು ಮೊದಲು ಸರ್ಕಾರದ ಅನುಮತಿ ಪಡೆಯಬೇಕಿತ್ತು. ಮೈಸೂರು ಸಂಸ್ಥಾನಕ್ಕೆ ಬಂದರು ಇರಲಿಲ್ಲ. ಹಡಗು ಹತ್ತಲು ಬ್ರಿಟಿಷರ ಬಂದರಿಗೇ ಹೋಗಬೇಕಿತ್ತು.

ಸ್ವಾತಂತ್ರ್ಯದ ನಂತರವೂ ಆ ಕಾಯ್ದೆಯೇ ಉಳಿಯಿತು. 1967ರಲ್ಲಿ ಸತ್ವಂತ್ ಸಿಂಗ್ ಸಾಹ್ನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ವಿದೇಶಕ್ಕೆ ಹೋಗುವುದು ಪ್ರಜೆಯ ಹಕ್ಕು ಎಂದಿತು. ಅದೇ ವರ್ಷ ಪಾಸ್‌ಪೋರ್ಟ್ ಕಾಯ್ದೆ ಬಂತು. ತೈಲದ ದುಡ್ಡಿನಿಂದ ಗಲ್ಫ್ ದೇಶಗಳಲ್ಲಿ ಕೆಲಸ ಹೆಚ್ಚಿ, ಏಜೆಂಟರ ಹಾವಳಿಯೂ ಹೆಚ್ಚಿದ ಮೇಲೆ 1983ರಲ್ಲಿ ಹೊಸ ವಲಸೆ ಕಾಯ್ದೆ ರೂಪುಗೊಂಡಿತು. ಏಜೆಂಟರಿಗೆ ನೋಂದಣಿ, ಹೋಗುವವರಿಗೆ ವಲಸೆ ರಕ್ಷಕರ ಅನುಮತಿ ಕಡ್ಡಾಯವಾಯಿತು.

ತಮಾಷೆ ಇರುವುದು ಇಲ್ಲಿ. ಈ ಅನುಮತಿ ಯಾರಿಗೆ ಬೇಕು ಎಂಬುದನ್ನು ಕೈಕೆಲಸ ನೋಡಿ ತೀರ್ಮಾನಿಸುವುದಿಲ್ಲ. ಎಸ್ಸೆಸ್ಸೆಲ್ಸಿ ಪಾಸಾದವನಿಗೆ ಬೇಡ, ಮಾನ್ಯತೆ ಪಡೆದ ಎರಡು ವರ್ಷದ ಐಟಿಐ ಮುಗಿಸಿದವನಿಗೆ ಬೇಡ, ಆದಾಯ ತೆರಿಗೆ ಕಟ್ಟುವವನಿಗೂ ಬೇಡ. ಶಾಲೆ ಬಿಟ್ಟು ವರ್ಕ್‌ಶಾಪಿನಲ್ಲಿ ಹದಿನೈದು ವರ್ಷ ಪಳಗಿದ ವೆಲ್ಡರ್ ಸೌದಿ, ಕತಾರ್ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗಲು ಅನುಮತಿ ಪಡೆಯಲೇಬೇಕು. ಅವನ ಪಕ್ಕದಲ್ಲಿ ಸಾಮಾನು ಎತ್ತಿಕೊಡುವ ಹತ್ತನೇ ಕ್ಲಾಸ್ ಪಾಸಾದ ಹುಡುಗ ಸೀದಾ ವಿಮಾನ ಹತ್ತಬಹುದು.

ಇದು ಅವಮಾನ ಅನ್ನಿಸುವುದು ಸಹಜ. ಆದರೆ ರಕ್ಷಣೆ ಇರುವುದೂ ಇದೇ ಅನುಮತಿಯಲ್ಲಿ. ಇ-ಮೈಗ್ರೇಟ್ ವ್ಯವಸ್ಥೆಯಲ್ಲಿ ಮಾಲೀಕನ ಹೆಸರು, ಸಂಬಳದ ಒಪ್ಪಂದ ದಾಖಲಾಗುತ್ತದೆ. 10 ಲಕ್ಷ ರೂಪಾಯಿಯ ವಿಮೆ ಕಡ್ಡಾಯ. ನೋಂದಾಯಿತ ಏಜೆಂಟ್ 30,000 ರೂಪಾಯಿ ಮತ್ತು ಜಿಎಸ್‌ಟಿಗಿಂತ ಹೆಚ್ಚು ಸೇವಾ ಶುಲ್ಕ ಕೇಳುವಂತಿಲ್ಲ. 'ಇದೆಲ್ಲ ತಲೆನೋವು, ವಿಸಿಟ್ ವೀಸಾದಲ್ಲಿ ಹೋಗು, ಅಲ್ಲಿ ಬದಲಾಯಿಸೋಣ' ಎನ್ನುವ ಏಜೆಂಟ್ ತಪ್ಪಿಸುತ್ತಿರುವುದು ತಲೆನೋವನ್ನಲ್ಲ, ಈ ದಾಖಲೆಯನ್ನು.

ದಾಖಲೆ ಇಲ್ಲದೆ ದೂರದೇಶದಲ್ಲಿರುವುದು ಅಂದರೇನು ಎಂದು ನಮ್ಮ ಜಿಲ್ಲೆ 2023ರ ಏಪ್ರಿಲ್‌ನಲ್ಲಿ ಕಂಡಿತು. ಗಿಡಮೂಲಿಕೆ ಎಣ್ಣೆ ಮಾರಲು ಸುಡಾನ್‌ಗೆ ಹೋಗಿದ್ದ ಹಕ್ಕಿಪಿಕ್ಕಿ ಜನ, ಶಿವಮೊಗ್ಗದವರೂ ಸೇರಿ, ಯುದ್ಧದ ನಡುವೆ ಸಿಕ್ಕಿಬಿದ್ದರು. ಅವರು ಯಾರ ಕೈಕೆಳಗಿನ ನೌಕರರೂ ಅಲ್ಲ, ಹಾಗಾಗಿ ಈ ಕಾಯ್ದೆಯ ಲೆಕ್ಕಕ್ಕೇ ಬಂದಿರಲಿಲ್ಲ. ಆಹಾರ, ನೀರಿಲ್ಲದೆ ಮೊಬೈಲಿನಲ್ಲಿ ವಿಡಿಯೊ ಮಾಡಿ ತಾವಿರುವುದನ್ನು ತಾವೇ ತಿಳಿಸಬೇಕಾಯಿತು. ಆಮೇಲೆ 'ಆಪರೇಷನ್ ಕಾವೇರಿ'ಯಲ್ಲಿ ಅವರನ್ನು ಕರೆತರಲಾಯಿತು.

ಭದ್ರಾವತಿಯ ಕುಲುಮೆ ಕಲಿಸಿದ ಕಸುಬು ಎಲ್ಲಿ ಬೇಕಾದರೂ ಬದುಕುತ್ತದೆ. ಆ ಕಸುಬಿನವನು ಎಲ್ಲಿದ್ದಾನೆ ಎಂದು ಹೇಳುವ ಒಂದು ಕಾಗದ ಮಾತ್ರ ಊರಿನಲ್ಲೂ ಇರಬೇಕು. ಅದರ ಒಂದು ಪ್ರತಿಯನ್ನು ಅಮ್ಮನ ಕೈಗೆ ಕೊಟ್ಟು ಹೊರಡಿ.